ರೊಕ್ಕವಿಲ್ಲದ ಹಾಡಿನ ಮೂರು ಹೆಸರು

ನಮ್ಮ ಜಾನಪದ ವಿದ್ವಾಂಸರು ಹಾಡುವವರನ್ನು ಬಹುಕಾಲದಿಂದ ಎರಡು ಸಾಲಿನಲ್ಲಿ ನಿಲ್ಲಿಸುತ್ತ ಬಂದಿದ್ದಾರೆ. ಒಂದು ಸಾಲು ಹವ್ಯಾಸಿಗಳದು. ಹೊಲದಿಂದ ಬಂದು, ಉಂಡು, ರಾತ್ರಿ ಗುಡಿಯ ಕಟ್ಟೆಗೆ ಕೂತು ಭಜನೆ ಮಾಡುವವರು, ಬೀಸುವ ಕಲ್ಲಿನ ಮುಂದೆ ಹಾಡುವ ಗರತಿಯರು, ಸೋಬಾನೆಯವರು ಈ ಸಾಲಿನಲ್ಲಿ ಬರುತ್ತಾರೆ. ಇನ್ನೊಂದು ಸಾಲು ವೃತ್ತಿಯವರದು. ವೀಳ್ಯ ಹಿಡಿದು, ಸಂಚಕಾರ ಇಸಕೊಂಡು, ಊರಿಂದೂರಿಗೆ ಹೋಗುವ ಗೀಗೀ ಮೇಳ, ಬಯಲಾಟದ ಮೇಳ, ಚೌಡಿಕೆಯ ಜೋಗತಿಯರು ಇಲ್ಲಿ ನಿಲ್ಲುತ್ತಾರೆ. ಮೊದಲನೆಯವರದು ಜನಪದರ ನಿಜವಾದ ದನಿ, ಎರಡನೆಯವರದು ರೊಕ್ಕದ ಗಾಳಿ ತಾಗಿದ ದನಿ ಎಂಬ ಭಾವನೆ ನಮ್ಮ ಪಾಠಗಳ ಒಳಗೆ ಸದ್ದಿಲ್ಲದೆ ಕೂತಿದೆ. ಕ್ಲಾಸಿನಲ್ಲಿ ಇದನ್ನು ಹೇಳುವಾಗಲೆಲ್ಲ ನಮ್ಮ ಅಜ್ಜನನ್ನು ಯಾವ ಸಾಲಿಗೆ ನಿಲ್ಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆತ ಹಲಗಿ ಬಾರಿಸುತ್ತಿದ್ದ. ಬಾರಿಸಿದ್ದಕ್ಕೆ ರೊಕ್ಕ ಇರಲಿಲ್ಲ. ಹಾಗಂತ ಆತನನ್ನು ಹವ್ಯಾಸಿ ಎನ್ನಲು ಬಾಯಿ ಬರುವುದಿಲ್ಲ. ಜೀವಮಾನವಿಡೀ ಬಾರಿಸಿದ, ಆದರೆ ಯಾರೂ ಆತನನ್ನು ಕಲಾವಿದ ಎನ್ನಲಿಲ್ಲ. ಊರು ಕರೆದರೆ ಹೋಗಬೇಕಿತ್ತು, ಅಷ್ಟೇ.

ಹವ್ಯಾಸಿ ಮತ್ತು ವೃತ್ತಿಗಾರರ ಜಗಳ ನಮ್ಮಲ್ಲಷ್ಟೇ ಇರುವಂಥದಲ್ಲ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಈಚೆಗೆ ಜಾನಪದ ಹಾಡಿನ ಕ್ಲಬ್ಬುಗಳು ಹುಟ್ಟಿಕೊಂಡವು. ಹೆಚ್ಚಾಗಿ ಸೆರೆಯಂಗಡಿಯ ಒಂದು ಖೋಲಿಯಲ್ಲಿ ವಾರಕ್ಕೊಮ್ಮೆ ಸೇರುವ ಕೂಟಗಳು ಅವು. ಮೊದಲು ಬಂದವರೇ ಎದ್ದು ಒಂದೆರಡು ಹಾಡು ಹೇಳುವುದು, ಆಮೇಲೆ ರೊಕ್ಕ ಕೊಟ್ಟು ಕರೆಸಿದ ಗಾಯಕ ಹಾಡುವುದು. ಇವಾನ್ ಮ್ಯಾಕಾಲ್ ಎಂಬ ಹಾಡುಗಾರ ಲಂಡನ್ನಿನ ತನ್ನ ಕ್ಲಬ್ಬಿನಲ್ಲಿ ಹಾಡುವವರು ತಮ್ಮ ತಮ್ಮ ನಾಡಿನ ಹಾಡನ್ನೇ ಹಾಡಬೇಕು ಎಂಬ ಕಟ್ಟುಪಾಡನ್ನೂ ತಂದಿದ್ದ. ಕರೆಸಿಕೊಂಡವನು ಹೆಚ್ಚೋ, ಕೂತಲ್ಲಿಂದ ಎದ್ದು ಹಾಡುವವನು ಹೆಚ್ಚೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಆದರೆ ಆ ವಾದಕ್ಕೆ ಒಂದು ಬುನಾದಿಯಿದೆ. ಎದ್ದು ಹಾಡುವವನಿಗೆ ಹಾಡದೆ ಸುಮ್ಮನೆ ಕೂಡುವ ಸ್ವಾತಂತ್ರ್ಯ ಇದೆ. ಆ ಬುನಾದಿಯೇ ಇಲ್ಲದ ಕಡೆಗೆ ಅದೇ ಎರಡು ಪದಗಳನ್ನು ಒಯ್ದು ಇಟ್ಟರೆ ಏನಾಗುತ್ತದೆ ಎಂಬುದು ಈ ಬರಹದ ಪ್ರಶ್ನೆ.

ಗುಡಗೇರಿ ಕುಂದಗೋಳ ತಾಲೂಕಿನ ಎರಿ ಹೊಲದ ಊರು. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲಿಗೆ ಇಲ್ಲೊಂದು ಸ್ಟೇಶನ್ನಿದೆ. ಶಿಶುನಾಳ ಇಲ್ಲಿಗೆ ಸಮೀಪ. ಶರೀಫರ ಗುರು ಗೋವಿಂದ ಭಟ್ಟರ ಕಳಸ ನಮ್ಮ ತಾಲೂಕಿನದೇ ಊರು. ಹೀಗಾಗಿ ಈ ಸೀಮೆಯ ಭಜನೆಯೆಂದರೆ ಬಹುಪಾಲು ಶರೀಫರ ತತ್ವಪದಗಳ ಭಜನೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಸಾಲಿ ಮಾಸ್ತರಿಕೆ ಮಾಡಿದವರು, ಹಾಡಿಕೊಂಡು ಹೊಟ್ಟೆ ಹೊರೆದವರಲ್ಲ. ಅವರ ಪದಗಳು ಪುಸ್ತಕವಾಗುವ ಮೊದಲು ಉಳಿದದ್ದು ಊರೂರ ಭಜನಾ ಮೇಳಗಳ ಬಾಯಲ್ಲಿ. ಸೋಮವಾರಕ್ಕೋ ಅಮಾವಾಸ್ಯೆಗೋ ಹತ್ತು ಮಂದಿ ಸೇರುತ್ತಾರೆ. ಒಂದು ಪೇಟಿ, ಒಂದು ತಬಲಾ ಇಲ್ಲವೆ ದಮ್ಮಡಿ, ನಾಲ್ಕು ಜೋಡಿ ತಾಳ ಇದ್ದರೆ ಬೆಳಗಿನತನಕ ನಡೆಯುತ್ತದೆ. ಮುಂದಿನವನು ಒಂದು ನುಡಿ ಹೇಳಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ದನಿ ಒಡೆದವನಿಗೂ ಅಲ್ಲಿ ಜಾಗ ಉಂಟು. ನಾನು ಈ ಭಜನೆಯನ್ನು ಹೀಯಾಳಿಸುವವನಲ್ಲ. ಓದು ಬರಹ ಇಲ್ಲದವರಿಗೆ ನೂರಾರು ಪದ ಬಾಯಿಪಾಠ ಇರುವುದನ್ನು ಕಂಡವನು ನಾನು.

ಆದರೆ ಆ ಕಟ್ಟೆಯ ಮೇಲೆ ಯಾರು ಕೂತಿದ್ದರು ಎಂಬುದನ್ನು ಕೇಳದೆ ಭಜನೆಯ ಇತಿಹಾಸ ಬರೆಯಲು ಆಗುವುದಿಲ್ಲ. ನಮ್ಮ ಭಾಗದ ಹಲವು ಊರುಗಳಲ್ಲಿ ಕೇರಿಯವರು ಕಟ್ಟೆಯ ಕೆಳಗೆ ಕತ್ತಲೆಯಲ್ಲಿ ಕೂತು ಪದ ಕಲಿತವರು. ಕಲಿತು ಬಂದು ತಮ್ಮ ದುರಗವ್ವನ ಗುಡಿಯ ಮುಂದೆ ತಮ್ಮದೇ ಮೇಳ ಕಟ್ಟಿಕೊಂಡರು. ಜಾತಿಯಿಲ್ಲ, ಕುಲವಿಲ್ಲ ಎಂದು ಹೇಳುವ ಪದಗಳೇ ಎರಡು ಬೇರೆ ಬೇರೆ ಗುಡಿಗಳ ಮುಂದೆ ಎರಡು ಬೇರೆ ಮೇಳಗಳ ಬಾಯಲ್ಲಿ ಒಂದೇ ರಾತ್ರಿ ಕೇಳುತ್ತಿದ್ದವು. ಇದರಲ್ಲಿ ಯಾರಿಗೂ ವಿರೋಧಾಭಾಸ ಕಾಣಲಿಲ್ಲ ಎಂಬುದನ್ನು ನಮ್ಮ ತತ್ವಪದದ ವಿಮರ್ಶಕರು ಒಮ್ಮೆಯಾದರೂ ಬರೆಯಬೇಕು.

ಊರ ಭಜನಾ ಮೇಳದವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ‘ನಾವೇನ್ ರೊಕ್ಕಕ್ಕ ಹಾಡೂ ಮಂದಿ ಅಲ್ಲ.’ ಈ ಮಾತಿನಲ್ಲಿ ಭಕ್ತಿ ಇದೆ, ಸುಳ್ಳೇನಿಲ್ಲ. ಜೊತೆಗೆ ನಾಲ್ಕೆಕರೆ ಹೊಲವೂ ಇದೆ. ರಾತ್ರಿಯೆಲ್ಲ ಹಾಡಿ ಮರುದಿನ ಮಧ್ಯಾಹ್ನದವರೆಗೆ ಮಲಗುವವನ ಹೊಲಕ್ಕೆ ಬೆಳಿಗ್ಗೆ ಕೂಲಿಗೆ ಹೋಗುವವರು ಬೇರೆಯವರು. ಇನ್ನು, ‘ರೊಕ್ಕಕ್ಕ ಹಾಡೂ ಮಂದಿ’ ಎಂದು ಬೆರಳು ತೋರಿಸಿದ್ದು ಯಾರ ಕಡೆಗೆ? ಆ ಬೆರಳಿನ ತುದಿಯಲ್ಲಿ ಭಜಂತ್ರಿಯವರಿದ್ದಾರೆ, ಜೋಗತಿಯರಿದ್ದಾರೆ, ನಮ್ಮವರಿದ್ದಾರೆ. ಹವ್ಯಾಸಿ ಎಂಬ ಪದದ ಒಳಗೆ ಹೀಗೆ ಒಂದು ಜಾತಿಯ ಗೆರೆ ಎಳೆದಿರುವುದು ನಮ್ಮ ಅಧ್ಯಯನಗಳಿಗೆ ಕಾಣದೇ ಹೋಯಿತು.

ಈಗ ಹಲಗಿಯ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ವಾದ್ಯಗಳಿಗೆ ಜಾತಿ ಹಂಚಿತ್ತು. ಸನಾದಿ ಊದುವವರು ಕೊರವರು, ಭಜಂತ್ರಿ ಎಂಬ ಅಡ್ಡಹೆಸರೇ ಅದರಿಂದ ಬಂತು. ಲಿಂಗಾಯತರ ಮೆರವಣಿಗೆಯ ಮುಂದೆ, ಹೆಣದ ಮುಂದೆ ಗಂಟೆ ಬಟ್ಟಲು ಹಿಡಿದು ನಡೆಯುವವರು ಚಲವಾದಿಗಳು. ಹಲಗಿ ಮಾದಿಗರದು. ಹಬ್ಬಕ್ಕೆ, ದ್ಯಾಮವ್ವನ ಜಾತ್ರೆಗೆ, ಡಂಗುರಕ್ಕೆ, ಹೆಣಕ್ಕೆ ಹಲಗಿ ಬೇಕು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಇಸಕೊಂಡು ಬರಬೇಕು. ರಾಶಿಯ ಮೇಲಿನ ಕಾಳು ಒಬ್ಬರಿಗೆ, ಅಡಿಯ ಮಣ್ಣುಗಾಳು ಇನ್ನೊಬ್ಬರಿಗೆ. ಹೆಣ ಬಂದರೆ ಉಳಿದ ಅನ್ನ, ಹಳೇ ಅರಿವೆ. ಇದಕ್ಕೆ ಕರಾರು ಇಲ್ಲ, ದರ ಇಲ್ಲ, ‘ಇವತ್ತ ಆಗೂದಿಲ್ರಿ’ ಎನ್ನುವ ಅವಕಾಶವೂ ಇಲ್ಲ.

ಇದು ಬರೀ ರೂಢಿಯ ಮಾತಾಗಿರಲಿಲ್ಲ. ಮುಂಬಯಿ ಇಲಾಖೆಯಲ್ಲಿ 1874ರ ವತನ ಕಾಯಿದೆ ಊರಿನ ವಂಶಪಾರಂಪರ್ಯ ಚಾಕರಿಗೆ ಸರಕಾರದ ಮುದ್ರೆ ಒತ್ತಿತು. ಧಾರವಾಡ ಜಿಲ್ಲೆ ಆ ಇಲಾಖೆಯಲ್ಲಿತ್ತು. 1928ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಮುಂಬಯಿ ಕೌನ್ಸಿಲಿನಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದು, ಮಹಾರರಂಥ ಕೆಳ ವತನದಾರರನ್ನು ಹಗಲು ರಾತ್ರಿಯ ಚಾಕರಿಯಿಂದ ಬಿಡಿಸಲು ನೋಡಿದರು. ಆಗ ಆ ಮಸೂದೆ ಗೆಲ್ಲಲಿಲ್ಲ. ಕುಂದಗೋಳವಂತೂ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಮುಂಬಯಿಯ ಕೌನ್ಸಿಲಿನ ಮಾತು ಅಲ್ಲಿಗೆ ಮುಟ್ಟುವಂತೆಯೇ ಇರಲಿಲ್ಲ. ನಮ್ಮಲ್ಲಿ ಗ್ರಾಮ ಚಾಕರಿಯ ವಂಶಪಾರಂಪರ್ಯ ಕಾನೂನಿನಲ್ಲಿ ರದ್ದಾದದ್ದು 1961ರ ಕಾಯಿದೆಯಿಂದ. ಕಾಗದದಲ್ಲಿ ಚಾಕರಿ ಹೋದ ಎಷ್ಟೋ ವರ್ಷಗಳ ಮೇಲೂ ಹಲಗಿಗೆ ಕರೆ ಬರುತ್ತಲೇ ಇತ್ತು. ಯಾಕಂದರೆ ಹಲಗಿಯನ್ನು ಚಾಕರಿ ಎಂದು ಯಾರೂ ಎಣಿಸಿರಲಿಲ್ಲ, ಅದು ‘ಪದ್ಧತಿ’ ಆಗಿತ್ತು.

ಅದೇ ಕುಂದಗೋಳದ ಇನ್ನೊಂದು ಸಂಗೀತವನ್ನು ಇದರ ಬದಿಗಿಟ್ಟು ನೋಡಬೇಕು. ರಾಮಭಾವು ಕುಂದಗೋಳಕರ ಅಂದರೆ ಸವಾಯಿ ಗಂಧರ್ವರು (1886–1952) ಅಬ್ದುಲ್ ಕರೀಂ ಖಾನರಲ್ಲಿ ಕಲಿತು ಬಂದು ಇಲ್ಲಿ ನೆಲೆಸಿದರು. ಭೀಮಸೇನ ಜೋಶಿ ಇಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗಿ ಕಲಿತರು. ಇಲ್ಲಿನ ನಾಡಿಗೇರ ವಾಡೆಯಲ್ಲಿ ಗುರುವಿನ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಇಂಥ ಕಡೆ ದೊಡ್ಡ ಗಾಯಕನೊಬ್ಬ ರೊಕ್ಕ ಮುಟ್ಟದೆ ಹಾಡಿದರೆ ಅದಕ್ಕೆ ‘ಸೇವೆ’ ಎನ್ನುತ್ತಾರೆ. ಊರ ಗೌಡ ಗುಡಿಯಲ್ಲಿ ರೊಕ್ಕವಿಲ್ಲದೆ ಹಾಡಿದರೆ ‘ಹವ್ಯಾಸ’. ನಮ್ಮ ಅಜ್ಜ ರೊಕ್ಕವಿಲ್ಲದೆ ಬಾರಿಸಿದರೆ ‘ಬಿಟ್ಟಿ’. ಮೂರರಲ್ಲೂ ಕೈಗೆ ಬಂದ ರೊಕ್ಕ ಸೊನ್ನೆ. ಕೊಟ್ಟಾಗಲೂ ಹೀಗೇ: ಒಬ್ಬನಿಗೆ ಕೊಟ್ಟದ್ದು ಗೌರವಧನ, ಇನ್ನೊಬ್ಬನಿಗೆ ಸಂಭಾವನೆ, ಮತ್ತೊಬ್ಬನಿಗೆ ಬಕ್ಷೀಸು, ಕೊನೆಯವನಿಗೆ ಕೂಳು.

ಶಾಸ್ತ್ರೀಯ ಸಂಗೀತದ ಮಂದಿಯೂ ಇದರಿಂದ ಹೊರಗಿರಲಿಲ್ಲ ಎಂಬುದಕ್ಕೆ ಗಂಗೂಬಾಯಿಯವರೇ ಸಾಕ್ಷಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿ ಆಕೆ. ಗಂಡಸು ಹಾಡಿದರೆ ಉಸ್ತಾದನೋ ಪಂಡಿತನೋ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂಬ ನೋವನ್ನು ಅವರು ಮುಂದೆ ಬಾಯಿಬಿಟ್ಟು ಹೇಳಿದ್ದರು.

ಹೆಂಗಸರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮಾಡಿದ ಆ ಕೆಲಸಕ್ಕೆ ಕನ್ನಡ ಋಣಿ. ಅದೇ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ದಲ್ಲಿ ಲಾವಣಿಗಳನ್ನೂ ತಂದರು ಎಂಬುದನ್ನು ಮರೆಯಬಾರದು. ಆದರೆ ನಾಡಿನ ಮನಸ್ಸಿನಲ್ಲಿ ನಿಂತದ್ದು ‘ಗರತಿ’. ಗರತಿ ಎಂದ ಕೂಡಲೇ ಗರತಿಯಲ್ಲದವಳೊಬ್ಬಳು ಹೊರಗೆ ನಿಂತಳು. ಅವಳು ಯಾರು? ಮುತ್ತು ಕಟ್ಟಿಸಿಕೊಂಡವಳು, ಚೌಡಿಕೆ ಮೀಟಿ ಎಲ್ಲಮ್ಮನ ಪದ ಹಾಡುವವಳು, ಮೇಳದಲ್ಲಿ ಕುಣಿಯುವವಳು. ಗರತಿಯ ಹಾಡು ಮನೆಯೊಳಗಿನದು, ರೊಕ್ಕವಿಲ್ಲದ್ದು, ಆದ್ದರಿಂದ ಪವಿತ್ರ. ಜೋಗತಿಯ ಹಾಡು ಬೀದಿಯದು, ಜೋಳಿಗೆಯದು. ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ಮುಂಬಯಿ ಸರಕಾರ 1934ರಲ್ಲಿ, ಕರ್ನಾಟಕ ಸರಕಾರ 1982ರಲ್ಲಿ ಕಾಯಿದೆ ಮಾಡಿದವು. ಮಾಡಲೇಬೇಕಾದ ಕಾಯಿದೆಗಳು. ಆದರೆ ಆ ಪದ್ಧತಿಯೊಳಗೆ ಸಿಕ್ಕಿಕೊಂಡೇ ಸಾವಿರಾರು ಪದ ಹೊತ್ತು ತಂದ ಹೆಂಗಸನ್ನು ಕಲಾವಿದೆ ಎಂದು ಎಣಿಸಲು ನಮಗೆ ಬಹಳ ಕಾಲ ಹಿಡಿಯಿತು. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ‘ಗರತಿಯ ಹಾಡು’ ಬಂದು ಅಷ್ಟೊತ್ತಿಗೆ ತೊಂಬತ್ತು ವರ್ಷ.

ಕರೆಸಿದ ಮೇಳಗಳಲ್ಲಿ ನಾನು ಹೆಚ್ಚು ಕಂಡದ್ದು ಗೀಗೀ ಮೇಳ. ಜಾತ್ರೆ ಹತ್ತಿರ ಬಂತೆಂದರೆ ಊರಲ್ಲಿ ಪಟ್ಟಿ ಎತ್ತುತ್ತಾರೆ. ಕೇರಿಯೂ ಪಟ್ಟಿ ಕೊಡಬೇಕು. ಎರಡು ಮೇಳ ಕರೆಸಬೇಕು, ಒಂದು ಹರದೇಶಿ, ಒಂದು ನಾಗೇಶಿ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ರಾತ್ರಿಯೆಲ್ಲ ವಾದ ಹಾಕುತ್ತಾರೆ. ದಪ್ಪು, ತುಂತುಣಿ, ತಾಳ. ಮುಂದಿನವಳು ನುಡಿ ಎತ್ತಿದರೆ ಹಿಂದಿನವರಿಬ್ಬರು ‘ಗೀಯ ಗೀಯ’ ಎಂದು ಸೊಲ್ಲು ಹಿಡಿಯುತ್ತಾರೆ. ನಾಗೇಶಿ ಮೇಳಗಳ ಹೆಂಗಸರಲ್ಲಿ ಕೇರಿಯಿಂದ ಬಂದವರು ಕಡಿಮೆಯಿಲ್ಲ.

ಹಗಲು ಅದೇ ಊರಿನ ಹೋಟೆಲಿನಲ್ಲಿ ಅವಳಿಗೆ ಯಾವ ಕಪ್ಪಿನಲ್ಲಿ ಚಾ ಕೊಡಬೇಕೆಂದು ವಿಚಾರ ಮಾಡುವವರು, ರಾತ್ರಿ ಅವಳ ಮುಂದೆ ನೆಲಕ್ಕೆ ಕೂತಿರುತ್ತಾರೆ. ಅವಳು ಎತ್ತರದಲ್ಲಿ ನಿಂತಿರುತ್ತಾಳೆ. ಪುರಾಣ ತೆಗೆದು ಪ್ರಶ್ನೆ ಹಾಕುತ್ತಾಳೆ. ರೇಣುಕೆಯ ತಲೆ ಕಡಿಸಿದವನು ಗಂಡನೋ ಅಲ್ಲವೋ? ದ್ರೌಪದಿಯನ್ನು ಪಣಕ್ಕಿಟ್ಟವರು ಗಂಡಸರೋ ಅಲ್ಲವೋ? ಎದುರಿನ ಹರದೇಶಿಯವನಿಗೆ ಉತ್ತರ ತಿಳಿಯದಿದ್ದರೆ ಇಡೀ ಊರು ನಗುತ್ತದೆ. ವೇದ ಕೇಳಿದರೆ ಕಿವಿಗೆ ಸೀಸ ಹೊಯ್ಯಬೇಕೆಂದು ಬರೆದಿಟ್ಟ ನಾಡಿನಲ್ಲಿ, ಕೇರಿಯ ಹೆಣ್ಣೊಬ್ಬಳು ಸಾವಿರ ಮಂದಿಯ ಎದುರು ಪುರಾಣಕ್ಕೆ ಲೆಕ್ಕ ಕೇಳುವ ಜಾಗ ಇದೊಂದೇ ಎಂದು ನನಗೆ ಅನ್ನಿಸಿದೆ. ಈ ಜಾಗ ಅವಳಿಗೆ ಸಿಕ್ಕದ್ದು ಸಂಚಕಾರ ಇಸಕೊಂಡು ಬಂದದ್ದರಿಂದ. ಅವಳು ಊರಿನ ಆಯದವಳಲ್ಲ. ಬೆಳಗಾದ ಮೇಲೆ ಬಸ್ಸು ಹತ್ತಿ ಹೋಗುತ್ತಾಳೆ. ಊರಿನ ಹಲಗಿಯವನಿಗೆ ಈ ಧೈರ್ಯ ಸಾಧ್ಯವಿರಲಿಲ್ಲ, ಯಾಕಂದರೆ ಮರುದಿನವೂ ಆತ ಅದೇ ಊರಲ್ಲಿ ಬಾಳಬೇಕು. ಹವ್ಯಾಸಿ ಶುದ್ಧ, ವೃತ್ತಿಯವನು ಬೆರಕೆ ಎಂಬ ನಮ್ಮ ಪಾಠ ಇಲ್ಲಿ ತಲೆಕೆಳಗಾಗುತ್ತದೆ.

ಹಾಗಂತ ಈ ಚಿತ್ರವನ್ನು ಚೆಂದಗಾಣಿಸಲು ನಾನು ತಯಾರಿಲ್ಲ. ವಾದದ ನಡುನಡುವೆ ಮೈಕಿನಲ್ಲಿ ಹೆಸರು ಕೂಗಿಸಿ ನೋಟು ಕೊಡುವವರು ಬರುತ್ತಾರೆ. ನೋಟು ಕೊಡುವ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಳು ನಗುನಗುತ್ತಲೇ ನೋಡಿಕೊಳ್ಳಬೇಕು. ಸಂಚಕಾರ ಅವಳಿಗೆ ಎತ್ತರದ ಜಾಗ ಕೊಟ್ಟಿತು. ಆ ಕೈಯನ್ನು ತಡೆಯುವ ಬಲ ಕೊಡಲಿಲ್ಲ.

ಈ ಇಕ್ಕಟ್ಟು ಅಂಬೇಡ್ಕರರಿಗೆ ಚೆನ್ನಾಗಿ ತಿಳಿದಿತ್ತು. ಪಠ್ಠೆ ಬಾಪೂರಾವ್ ಎಂಬ ಬ್ರಾಹ್ಮಣ ಶಾಹೀರ ಮಹಾರ ಜಾತಿಯ ಪವಳಾಬಾಯಿಯೊಂದಿಗೆ ತಮಾಶಾ ಮೇಳ ಕಟ್ಟಿ ಹೆಸರಾಗಿದ್ದ. ಆತ ತಮಾಶಾದ ಗಳಿಕೆಯನ್ನು ಚಳವಳಿಗೆ ಕೊಡಲು ಬಂದಾಗ ಬಾಬಾಸಾಹೇಬರು ಅದನ್ನು ಮುಟ್ಟಲಿಲ್ಲ ಎಂದು ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳನ್ನು ಕುಣಿಸಿದ ರೊಕ್ಕ ಬೇಡ ಎಂಬುದು ಅವರ ನಿಲುವು. ಅದೇ ಕಾಲಕ್ಕೆ ಭೀಮರಾವ್ ಕರ್ಡಕರಂಥವರು ಅದೇ ತಮಾಶಾದ ಮಟ್ಟುಗಳನ್ನು ತಿರುಗಿಸಿಕೊಂಡು ಅಂಬೇಡ್ಕರಿ ಜಲ್ಸಾ ಕಟ್ಟಿದರು. ಅಲ್ಲಿನ ಹಾಡುಗಾರರು ವೀಳ್ಯಕ್ಕೂ ಬಂದವರಲ್ಲ, ಆಯಕ್ಕೂ ಬಂದವರಲ್ಲ. ನಮ್ಮ ಪಾಠದ ಎರಡು ಸಾಲಿನಲ್ಲಿ ಅವರಿಗೂ ಜಾಗವಿಲ್ಲ.

ಕರ್ನಾಟಕದಲ್ಲಿ ಇದೇ ಹಾದಿ 1970ರ ದಶಕದಲ್ಲಿ ತೆರೆಯಿತು. 1973ರ ಬೂಸಾ ಪ್ರಕರಣದ ನಂತರ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಹಳ್ಳಿಹಳ್ಳಿಯ ಹುಡುಗರು ತಮಟೆ, ಹಲಗಿ ಹಿಡಿದು ಜಾಥಾದಲ್ಲಿ ಹಾಡಿದರು. ಅದೇ ಹುಡುಗರು ತಮ್ಮ ಅಪ್ಪಂದಿರಿಗೆ, ‘ಊರ ಹೆಣಕ್ಕ ಹಲಗಿ ಬಾರಸಬ್ಯಾಡ್ರಿ’ ಎಂದು ಹೇಳಿದರು. ಎರಡೂ ಒಂದೇ ಚಳವಳಿಯ ಮಾತು. ಊರಿಗೆ ಬಾರಿಸುವುದನ್ನು ಬಿಡಬೇಕು, ತಮಗಾಗಿ ಬಾರಿಸಬೇಕು. ಹೇಳುವುದು ಸಲೀಸು. ನಮ್ಮ ಕಡೆಯ ಒಂದು ಊರಲ್ಲಿ, ಹೆಸರು ಬೇಡ, ಹಲಗಿ ಬಿಟ್ಟದ್ದಕ್ಕೆ ಕೇರಿಗೆ ಕೂಲಿ ಬಂದ್ ಆಯಿತು, ಕಿರಾಣಿ ಬಂದ್ ಆಯಿತು. ನಮ್ಮ ಅಜ್ಜ ಹಲಗಿ ಬಿಟ್ಟವರ ಪೈಕಿ. ಗೂಟಕ್ಕೆ ಹಾಕಿದ ಹಲಗಿಯನ್ನು ಆತ ಮತ್ತೆ ಇಳಿಸಲಿಲ್ಲ, ಮನೆಯ ಮದುವೆಗೂ ಇಳಿಸಲಿಲ್ಲ. ತಮಿಳುನಾಡಿನಲ್ಲಿ ಪರೈ ವಾದ್ಯದ ಬಗ್ಗೆ ಇದೇ ವಾದ ನಡೆದಿದೆ. ಬಿಡುವುದೋ, ವೇದಿಕೆಗೆ ಏರಿಸುವುದೋ? ನಮ್ಮ ವಿಮರ್ಶಕರು ‘ದಲಿತ ವಾದ್ಯದ ಮರುಹುಟ್ಟು’ ಎಂದು ಬರೆಯುವಾಗ, ಬಿಟ್ಟವರ ಮೌನವನ್ನೂ ಒಂದು ನಿಲುವು ಎಂದು ಓದಬೇಕು.

ಈ ನಡುವೆ ಮೂರನೆಯ ಯಜಮಾನ ಬಂದ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಯಿತು. ಧ್ವನಿಪರೀಕ್ಷೆ ಪಾಸಾದವನು ‘ರೇಡಿಯೋ ಕಲಾವಿದ’ ಆದ. ಆಮೇಲೆ ಅಕಾಡೆಮಿ, ಸಂಸ್ಕೃತಿ ಇಲಾಖೆಯ ಕಾರ್ಯಕ್ರಮ, ಮಾಸಾಶನ. 2011ರಲ್ಲಿ ನಮಗೆ ಸಮೀಪದ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಬಂತು. ಸರಕಾರದ ರೊಕ್ಕದಲ್ಲಿ ಒಂದು ಒಳ್ಳೆಯದಿದೆ: ಅದು ಚೆಕ್ಕಿನಲ್ಲಿ, ಖಾತೆಗೆ ಬರುತ್ತದೆ, ಕಣದಲ್ಲಿ ಕೈಯೊಡ್ಡಿ ನಿಲ್ಲಬೇಕಿಲ್ಲ. ಮಾರುಕಟ್ಟೆಯೂ ಬಂತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದು, ಸಿ. ಅಶ್ವಥ್ ಅವರ ದನಿ ಕ್ಯಾಸೆಟ್ಟಿನಲ್ಲಿ ಮನೆಮನೆ ಸೇರಿತು. ನಾನು ಹುಟ್ಟುವ ಮೊದಲೇ ನಮ್ಮ ಭಜನಾ ಮೇಳಗಳು ಕೆಲವು ಪದಗಳನ್ನು ಕ್ಯಾಸೆಟ್ಟಿನ ಮಟ್ಟಿನಲ್ಲಿ ಹಾಡತೊಡಗಿದ್ದವು. ರೊಕ್ಕಕ್ಕೆ ಹಾಡುವವರಲ್ಲ ಎಂದವರೇ ರೊಕ್ಕದ ಹಾಡನ್ನು ಕಲಿತರು. ಅಶ್ವಥ್ ಅವರನ್ನು ಯಾರೂ ‘ರೊಕ್ಕಕ್ಕ ಹಾಡೂ ಮಂದಿ’ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಈಗ ನಮ್ಮ ಭಾಗದ ಕೇರಿಗಳಲ್ಲಿ ಹಲಗಿ ಮೇಳಗಳಿವೆ. ಒಂದೇ ಬಣ್ಣದ ಅಂಗಿ, ತಲೆಗೆ ರುಮಾಲು, ಫಲಕದ ಮೇಲೆ ಮೊಬೈಲ್ ನಂಬರು. ಮದುವೆ, ಗಣಪತಿ, ಇಲೆಕ್ಷನ್ ಮೆರವಣಿಗೆ. ದರ ಮೊದಲೇ ಮಾತಾಗುತ್ತದೆ, ಅರ್ಧ ಮುಂಗಡ. ತೊಗಲಿನ ಜಾಗಕ್ಕೆ ಫೈಬರ್ ಬಂದಿದೆ, ಬೆಂಕಿ ಕಾಯಿಸುವ ಕೆಲಸ ತಪ್ಪಿದೆ. ಫೈಬರ್ ಬಂದ ಮೇಲೆ ಊರೊಳಗಿನ ಹುಡುಗರೂ ಹಲಗಿ ಹಿಡಿಯತೊಡಗಿದ್ದಾರೆ. ತೊಗಲಿನದಿದ್ದಾಗ ಮುಟ್ಟದ ಕೈಗಳು ಅವು. (ತಬಲಾ, ಮೃದಂಗಗಳ ತೊಗಲು ಯಾರ ಕೈಯಿಂದ ಬಂತು ಎಂಬುದನ್ನು ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡುವವರ ಬಗ್ಗೆ ಬರೆದ ಪುಸ್ತಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.) 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಈ ಮೇಳದ ಹುಡುಗರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು.

ಒಂದು ಮೇಳದ ಹುಡುಗರು ಸ್ಪರ್ಧೆಯೊಂದಕ್ಕೆ ಅರ್ಜಿ ತುಂಬಿಸಲು ನನ್ನ ಕಡೆ ಬಂದಿದ್ದರು. ಅರ್ಜಿಯಲ್ಲಿ ‘ಹವ್ಯಾಸಿ / ವೃತ್ತಿಪರ, ಅನ್ವಯಿಸದ್ದನ್ನು ಹೊಡೆದು ಹಾಕಿ’ ಎಂದಿತ್ತು. ‘ಸರ, ಯಾವದ ಹೊಡದ ಹಾಕೂದ್ರಿ?’ ಎಂದರು. ಹವ್ಯಾಸಿ ಎಂದರೆ ಮುಂದೆ ದರ ಕೇಳಲು ಬರುವುದಿಲ್ಲ, ವೃತ್ತಿಪರ ಎಂದರೆ ಪ್ರಮಾಣಪತ್ರ ಕೇಳುತ್ತಾರೆ ಎಂಬುದು ಅವರ ಚಿಂತೆ. ನಾನು ‘ವೃತ್ತಿಪರ’ ಉಳಿಸಿದೆ. ಎಷ್ಟು ವರ್ಷದ ಅನುಭವ ಎಂಬ ಕಾಲಮ್ಮಿನಲ್ಲಿ ಅವರು 4 ಎಂದು ಬರೆಸಿದರು, ಮೇಳ ಕಟ್ಟಿದಂದಿನಿಂದ ಎಣಿಸಿ. ಅವರ ಅಪ್ಪ, ಅಜ್ಜ ಬಾರಿಸಿದ ವರ್ಷಗಳನ್ನು ಸೇರಿಸೋಣವೇ ಎಂದು ಕೇಳಿದರೆ ಹುಡುಗನೊಬ್ಬ ಒಮ್ಮೆಲೇ ಹೇಳಿದ: ‘ಬ್ಯಾಡ್ರಿ ಸರ. ಅದು ಬ್ಯಾರೆ.’

ಆ ಬ್ಯಾರೆಯದರ ಲೆಕ್ಕ ಎಲ್ಲಿಯೂ ಬರೆದಿಲ್ಲ. ಹಾಡಿನ ಪಠ್ಯ ಸಂಗ್ರಹಿಸಿದವರು ನೂರಾರು ಮಂದಿ. ಬಾರಿಸಿದವನಿಗೆ ಎಷ್ಟು ಸೇರು ಜೋಳ ಬಂತು, ಯಾವ ಕಣದಲ್ಲಿ ಬರಲಿಲ್ಲ, ಆತ ಎಲ್ಲಿ ಕೂತು ಉಂಡ ಎಂಬುದನ್ನು ಸಂಗ್ರಹಿಸಿದವರನ್ನು ಬೆರಳಲ್ಲಿ ಎಣಿಸಬಹುದು. ನಾನು ರಜೆಯಲ್ಲಿ ಈ ಕೆಲಸ ಹಿಡಿದಿದ್ದೇನೆ. ಈವರೆಗೆ ಮೂವರು ಹಿರಿಯರ ಮಾತು ಬರೆದುಕೊಂಡಿದ್ದೇನೆ. ಯಾವ ಯಾವ ಮನೆಯ ಹೆಣಕ್ಕೆ ಬಾರಿಸಿದೆವು ಎಂಬುದು ಮೂವರಿಗೂ ಸಾಲುಸಾಲಾಗಿ ನೆನಪಿದೆ. ಮಟ್ಟುಗಳ ಹೆಸರು ಕೇಳಿದರೆ ಒಬ್ಬರು ಬೆರಳಿನಿಂದ ಮಣಕಾಲಿನ ಮೇಲೆ ಬಡಿದು ತೋರಿಸುತ್ತಾರೆ, ಇನ್ನೊಬ್ಬರು ಮಾತು ಬೇರೆ ಕಡೆ ತಿರುಗಿಸುತ್ತಾರೆ. ಮೂರನೆಯವರಾದ ನಮ್ಮ ಅಜ್ಜ ಕಾಳಿನ ಲೆಕ್ಕ ಕೊಡುತ್ತಾನೆ. ಮಟ್ಟು ಮಾತ್ರ ಇನ್ನೂ ಕೊಟ್ಟಿಲ್ಲ.